ಕಾಡುಮೃಗಗಳ ಖಾತೆ ಬರೆದ ಎಲಿಯಟ್ ಸಾಹೇಬರು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಕಾಕತಿಯಲ್ಲಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣ)

  

ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿದ ಮರುವರ್ಷವೇ ತಂದೆಯವರ ಜೊತೆ ಬೆಳಗಾವಿಯ ರವಿವಾರ ಪೇಟೆಯ ಅಂಗಡಿಯಲ್ಲಿ ಕುಳಿತವನು. ಜೋಳ, ಕಡಲೆ, ತೊಗರಿಗಳ ವ್ಯಾಪಾರದಲ್ಲಿಯೇ ತಲೆ ನರೆಯಿತು. ಧರ್ಮದ ಸೂಕ್ಷ್ಮಗಳನ್ನು ಕುರಿತು ಮಾತನಾಡಲು ಇಲ್ಲಿ ನನಗಿಂತ ಬಲ್ಲವರಿದ್ದಾರೆ. ಆದುದರಿಂದ ಸಮಿತಿಯವರು ನನ್ನನ್ನೂ ಎರಡು ಮಾತು ಹೇಳಬೇಕೆಂದು ಕೇಳಿದಾಗ, ಈ ಕಾಕತಿಯ ಮಣ್ಣಿಗೂ ನಮ್ಮ ಅಹಿಂಸಾಧರ್ಮಕ್ಕೂ ಒಟ್ಟಿಗೆ ಸಂಬಂಧಿಸಿದ ಒಂದು ಹಳೆಯ ವೃತ್ತಾಂತವನ್ನು ಹೇಳುವುದೆಂದು ನಿಶ್ಚಯಿಸಿದೆನು. ಅದು ಒಬ್ಬ ಆಂಗ್ಲ ಅಧಿಕಾರಿಯ ವೃತ್ತಾಂತ. ಆತನು ಬೇಟೆಗಾರನಾಗಿದ್ದನು. ಹಾಗೆಂದೊಡನೆ ಕೆಲವರ ಹುಬ್ಬು ಗಂಟಿಕ್ಕುವುದನ್ನು ನಾನು ಕಾಣುತ್ತಿದ್ದೇನೆ. ಸ್ವಲ್ಪ ಸಹನೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಕಾಕತಿಯ ದೇಸಾಯಿ ಮನೆತನದ ಮಗಳು ಚೆನ್ನಮ್ಮನು ಕಿತ್ತೂರಿನ ಸೊಸೆಯಾಗಿ, ರಾಣಿಯಾಗಿ, ಕುಂಪಣಿ ಸರಕಾರವನ್ನು ಎದುರಿಸಿದ ಸಂಗತಿಯನ್ನು ಈ ಊರಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಹತನಾದನು. ಅವನ ಕೈಕೆಳಗಿನ ಇಬ್ಬರು ಸಹಾಯಕರು ಜೀವಂತ ಸೆರೆಸಿಕ್ಕರು. ಒಬ್ಬನ ಹೆಸರು ಸ್ಟೀವನ್ಸನ್. ಇನ್ನೊಬ್ಬನ ಹೆಸರು ವಾಲ್ಟರ್ ಎಲಿಯಟ್. ಎಲಿಯಟ್ಟನು ಹುಟ್ಟಿದ್ದು ೧೮೦೩ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ. ಸೆರೆಯಾದಾಗ ಅವನಿಗೆ ೨೧ ವರ್ಷ. ಮೀಸೆ ಚಿಗುರುವ ವಯಸ್ಸು. ಊರಿನಿಂದ ಸಾವಿರಾರು ಮೈಲು ದೂರ, ಮೇಲಧಿಕಾರಿಯ ಹೆಣವನ್ನು ಕಣ್ಣಾರೆ ಕಂಡು, ನಾಳೆ ತನ್ನ ಗತಿಯೇನೆಂದು ತಿಳಿಯದೆ ಅವನು ಕಿತ್ತೂರಿನಲ್ಲಿ ಒಂದು ತಿಂಗಳಿಗೂ ಮಿಕ್ಕಿ ಬಂದಿಯಾಗಿದ್ದನು.

ಆ ತರುಣನ ಪ್ರಾಣವು ಕಾಕತಿಯ ಮಗಳ ಒಂದು ಮಾತಿನಲ್ಲಿತ್ತು. ಆ ಮಾತು ಸಾವಿನ ಮಾತಾಗಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಇಬ್ಬರೂ ಬಂದಿಗಳು ಸುರಕ್ಷಿತವಾಗಿ ಬಿಡುಗಡೆ ಹೊಂದಿದರು. ಅದಾದ ಕೆಲವೇ ದಿನಗಳಲ್ಲಿ ಕುಂಪಣಿಯ ದೊಡ್ಡ ಸೈನ್ಯವು ಕಿತ್ತೂರನ್ನು ವಶಪಡಿಸಿಕೊಂಡಿತು. ಸೆರೆಯಾಳುಗಳ ಪ್ರಾಣವನ್ನು ಉಳಿಸಿದ ರಾಣಿಯು ತಾನೇ ಸೆರೆಯಾಗಿ ಬೈಲಹೊಂಗಲದಲ್ಲಿ ೧೮೨೯ರಲ್ಲಿ ಕಣ್ಣುಮುಚ್ಚಿದಳು. ಯುದ್ಧನೀತಿ, ರಾಜಕಾರಣಗಳ ಲೆಕ್ಕ ಏನೇ ಇರಲಿ, ಭಯಗೊಂಡ ಒಂದು ಜೀವಕ್ಕೆ ಅಭಯ ದೊರೆತುದು ನಿಜ. ನಾಲ್ಕು ದಾನಗಳಲ್ಲಿ ಅಭಯದಾನದ ಸ್ಥಾನವೇನೆಂಬುದನ್ನು ನಿಮ್ಮ ಮುಂದೆ ವಿವರಿಸಬೇಕಾಗಿಲ್ಲ. ದಾನವು ಎಲ್ಲಿ ಹೇಗೆ ಫಲಿಸುತ್ತದೆಂಬುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು. ಈ ದಾನವು ಹೇಗೆ ಫಲಿಸಿತೆಂಬುದೇ ನನ್ನ ಇಂದಿನ ವಿಷಯ.

ಎಲಿಯಟ್ ಸಾಹೇಬರು ಬಿಡುಗಡೆಯಾದ ಮೇಲೆ ಹೆದರಿ ಊರಿಗೆ ಮರಳಲಿಲ್ಲ. ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲ್ಪಡುತ್ತಿದ್ದ ನಮ್ಮ ಧಾರವಾಡ, ಬೆಳಗಾವಿ ಪ್ರಾಂತದಲ್ಲಿಯೇ ೧೮೩೩ರವರೆಗೆ ಸೇವೆ ಸಲ್ಲಿಸಿದರು. ಆ ವರ್ಷಗಳಲ್ಲಿ ಅವರು ಎರಡು ಬಗೆಯ ಸಂಗ್ರಹ ಮಾಡಿದರು. ಮೊದಲನೆಯದು ಶಿಲಾಶಾಸನಗಳದು. ಊರೂರು ತಿರುಗಿ ಹಳೆಗನ್ನಡದ ಲಿಪಿಯನ್ನು ಕಲಿತು, ಸುಮಾರು ೬೦೦ ಶಾಸನಗಳ ನಕಲುಗಳನ್ನು ಮಾಡಿಸಿದರು. ಅವುಗಳ ಆಧಾರದಿಂದ ಚಾಲುಕ್ಯ ಮೊದಲಾದ ಅರಸುಮನೆತನಗಳ ಇತಿಹಾಸವನ್ನು ಕುರಿತು ಬರೆದ ಲೇಖನವು ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಪೂರ್ವಿಕರು ಬಸದಿಗಳಿಗೆ ಬಿಟ್ಟ ದತ್ತಿಗಳ ಶಾಸನಗಳನ್ನು ವಿದ್ವಾಂಸರು ಓದತೊಡಗಿದ ಕಾಲದ ಮೊದಲ ಕೆಲಸಗಾರರಲ್ಲಿ ಅವರೂ ಒಬ್ಬರು.

ಎರಡನೆಯ ಸಂಗ್ರಹವು ಪ್ರಾಣಿಗಳದು. ದಕ್ಷಿಣ ಮರಾಠಾ ಸೀಮೆಯಲ್ಲಿ ಕಂಡುಬರುವ ಸಸ್ತನಿಗಳ ಪಟ್ಟಿಯನ್ನು, ಇಲ್ಲಿಯ ಭಾಷೆಗಳಲ್ಲಿ ಅವುಗಳಿಗಿರುವ ಹೆಸರುಗಳ ಸಮೇತ, ಅವರು ಸಿದ್ಧಪಡಿಸಿದರು. ಅದು ೧೮೩೯ರಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇದಕ್ಕೆ ಎಂಟು ವರ್ಷ ಮುಂಚೆ, ೧೮೩೧ರಲ್ಲಿ, ಸೈಕ್ಸ್ ಎಂಬ ಸೇನಾಧಿಕಾರಿಯು ದಖ್ಖನ್ ಪ್ರದೇಶದ ಪ್ರಾಣಿಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದನು. ಆದರೆ ನಮ್ಮ ಎರೆಹೊಲ, ನಮ್ಮ ಮಲೆನಾಡಿನ ಅಂಚು, ನಮ್ಮ ಕನ್ನಡ ಹೆಸರುಗಳು ಕಾಣಸಿಗುವುದು ಎಲಿಯಟ್ಟರ ಬರವಣಿಗೆಯಲ್ಲಿ. ಅದರ ಝೆರಾಕ್ಸ್ ಪ್ರತಿಯನ್ನು ನಿವೃತ್ತ ಕಾಲೇಜು ಅಧ್ಯಾಪಕರಾದ ಮಿತ್ರರೊಬ್ಬರು ನನಗೆ ಕೊಟ್ಟರು. ನನ್ನ ಇಂಗ್ಲಿಷು ಬಿಲ್ಲು ಬೀಜಕಗಳಿಗೆ ಸಾಲುವಷ್ಟು ಮಾತ್ರ. ಪದವಿ ಓದಿದ ನನ್ನ ಮಗಳು ರಾತ್ರಿ ಊಟ... ಅಲ್ಲ, ನಮ್ಮಲ್ಲಿ ರಾತ್ರಿ ಊಟವಿಲ್ಲವಲ್ಲ, ಸಂಜೆಯ ಊಟವಾದ ಮೇಲೆ ದಿನಕ್ಕೆ ಎರಡು ಮೂರು ಪುಟ ಓದಿ ಅರ್ಥ ಹೇಳುತ್ತಿದ್ದಳು.

ಕೇಳುತ್ತಾ ಹೋದಂತೆ ನನಗೆ ಅನ್ನಿಸಿದ್ದೇನೆಂದರೆ, ಇದು ನಮ್ಮ ಅಂಗಡಿಯ ಖಾತೆವಹಿಯಂತೆಯೇ ಇದೆ. ಪ್ರತಿಯೊಂದು ಪ್ರಾಣಿಗೂ ಒಂದು ಖಾತೆ. ಮೊದಲು ಹೆಸರು, ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ. ತರುವಾಯ ಮೈಯಳತೆ. ಆಮೇಲೆ ಅದು ಎಲ್ಲಿ ವಾಸಿಸುತ್ತದೆ, ಏನು ತಿನ್ನುತ್ತದೆ, ಹೇಗೆ ಓಡುತ್ತದೆ ಎಂಬ ವಿವರ. ಕೃಷ್ಣಮೃಗಕ್ಕೆ ಚಿಗರಿ, ಕಡವೆಗೆ ಕಡವಿ, ಚುಕ್ಕೆಯ ಜಿಂಕೆಗೆ ಸಾರಗ, ನೀಲಗಾಯಿಗೆ ಮರವಿ, ಚಿಂಕಾರಕ್ಕೆ ತಿಸ್ಕ ಅಥವಾ ಬುದರಿ, ನಾಲ್ಕು ಕೊಂಬಿನ ಸಣ್ಣ ಮೃಗಕ್ಕೆ ಕೊಂಡಗುರಿ, ಹೀಗೆ ಹೆಸರುಗಳು ಸಾಗುತ್ತವೆ. ಇವುಗಳಲ್ಲಿ ಎಷ್ಟು ಹೆಸರುಗಳನ್ನು ನಮ್ಮ ಮಕ್ಕಳು ಬಲ್ಲರು? ಅವರಿರಲಿ, ನಾನೇ ಅರ್ಧಕ್ಕಿಂತ ಹೆಚ್ಚನ್ನು ಕೇಳಿರಲಿಲ್ಲ.

ಇನ್ನು, ಹುಬ್ಬು ಗಂಟಿಕ್ಕಿದವರಿಗೆ ಉತ್ತರ ಹೇಳಬೇಕು. ನಮ್ಮ ಸಮಿತಿಯ ಹಿರಿಯರೊಬ್ಬರು ನನ್ನ ವಿಷಯವನ್ನು ಕೇಳಿದ ಕೂಡಲೇ, "ಅಲ್ಲಪ್ಪಾ, ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಅಂಥವನ ಹೆಸರು ಬಸದಿಯ ವೇದಿಕೆಯ ಮೇಲೆ ಯಾಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಎಲಿಯಟ್ಟರು ಹೆಸರಾದ ಬೇಟೆಗಾರರಾಗಿದ್ದರು. ಅವರು ಅಳೆದ ಪ್ರಾಣಿಗಳಲ್ಲಿ ಬಹಳಷ್ಟು ಸತ್ತ ಪ್ರಾಣಿಗಳು. ಆ ಖಾತೆಯ ಪುಟಗಳಲ್ಲಿ ರಕ್ತದ ಕಲೆ ಇಲ್ಲವೆಂದು ನಾನು ಹೇಳಲಾರೆ. ಫೋಟೋ ಯಂತ್ರವು ಕೈಗೆ ಸಿಗದಿದ್ದ ಕಾಲ ಅದು ಎಂದು ಸಮಾಧಾನ ಹೇಳಬಹುದು. ಆದರೆ ಸಂಕಲ್ಪಪೂರ್ವಕವಾದ ಹಿಂಸೆಯು ಯಾವ ಕಾಲದಲ್ಲಿಯೂ ಹಿಂಸೆಯೇ. ಅದನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ.

ಹಾಗಿದ್ದರೂ ಅವರ ಹೆಸರನ್ನು ಏಕೆ ತೆಗೆದೆನೆಂಬುದನ್ನು ಹೇಳಲು ನನ್ನ ಬಾಲ್ಯದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನನಗಾಗ ಹತ್ತು ಹನ್ನೊಂದು ವರ್ಷ. ದೀಪಾವಳಿಯ ರಜೆಯಲ್ಲಿ ರಾಣೆಬೆನ್ನೂರಿನ ಕಡೆ ಇದ್ದ ಸೋದರಮಾವನವರ ಊರಿಗೆ ಹೋಗಿದ್ದೆನು. ಒಂದು ಮುಂಜಾನೆ ನಾವು ಮೂವರು ಹುಡುಗರು ಹತ್ತಿಯ ಹೊಲದ ಬದುವಿನಲ್ಲಿ ಹೋಗುತ್ತಿರುವಾಗ ಸಾಲಿನ ನಡುವೆ ಒಂದು ಚಿಗರಿಯ ಮರಿ ಮಲಗಿದ್ದುದನ್ನು ಕಂಡೆವು. ಹತ್ತಿರ ಹೋದರೂ ಅದು ಏಳಲಿಲ್ಲ. ಕತ್ತನ್ನು ನೆಲಕ್ಕೆ ಹಚ್ಚಿ ಕಣ್ಣು ತೆರೆದೇ ಬಿದ್ದುಕೊಂಡಿತ್ತು. ದೂರದಲ್ಲಿ ಹೆಣ್ಣು ಚಿಗರಿಯೊಂದು ನಿಂತಿದ್ದು, ನಮ್ಮನ್ನು ಕಂಡು ಓಡಿತು. "ತಾಯಿ ಬಿಟ್ಟು ಹೋಗಿದೆ, ಪಾಪ" ಎಂದು ನಾವು ಮರಿಯನ್ನು ಎತ್ತಿಕೊಂಡೆವು. ನಾನೇ ನನ್ನ ಅಂಗಿಯಲ್ಲಿ ಸುತ್ತಿಕೊಂಡು ತಂದೆನು. ಜೀವದಯೆ ಮಾಡಿದೆವೆಂಬ ಹೆಮ್ಮೆ ನಮಗೆ. ಅತ್ತೆಯವರು ಆಕಳ ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ಕುಡಿಸಿದರು. ಮೂರನೆಯ ದಿನ ಬೆಳಗಿನ ಜಾವ ಅದು ಸತ್ತುಹೋಯಿತು.

ಸಂಜೆ ಹಿತ್ತಲಲ್ಲಿ ಅಳುತ್ತ ಕುಳಿತಿದ್ದ ನನ್ನನ್ನು ಕಂಡು ಕುರಿ ಕಾಯುವ ಅಜ್ಜನೊಬ್ಬ ಹೇಳಿದನು: "ತಾಯಿ ಬಿಟ್ಟು ಹೋಗಿದ್ದಿಲ್ಲೋ ತಮ್ಮಾ. ಮರೀನ ಮಲಗಿಸಿ ಮೇಯಾಕ ಹೋಗಿತ್ತು. ನೀವು ಕದ್ದು ತಂದ್ರಿ." ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನಾವು ಕಲ್ಲು ಹೊಡೆಯಲಿಲ್ಲ, ಬಲೆ ಒಡ್ಡಲಿಲ್ಲ, ಕೊಲ್ಲುವ ಮನಸ್ಸು ನಮಗೆ ಇರಲೇ ಇಲ್ಲ. ಆದರೂ ಮರಿ ಸತ್ತಿತು. ನಮ್ಮಲ್ಲಿ ದಯೆ ಇತ್ತು, ತಿಳಿವಳಿಕೆ ಇರಲಿಲ್ಲ.

ನಾಲ್ಕು ದಶಕಗಳು ಕಳೆದ ಮೇಲೆ ನನ್ನ ಮಗಳು ಎಲಿಯಟ್ಟರ ಚಿಗರಿಯ ಖಾತೆಯನ್ನು ಓದುತ್ತಿದ್ದಳು. ಅಲ್ಲಿ ಅವರು ಕಣ್ಣಾರೆ ಕಂಡ ಒಂದು ಪ್ರಸಂಗವಿದೆ. ಒಂದು ಗಂಡು, ಒಂದು ಹೆಣ್ಣು, ಅವುಗಳ ಜೊತೆ ತೀರ ಎಳೆಯ ಮರಿ. ಸಾಹೇಬರನ್ನು ಕಂಡು ಮೂರೂ ಓಡತೊಡಗಿದವು. ಮರಿಗೆ ಓಡುವ ಶಕ್ತಿ ಸಾಲದು. ದೊಡ್ಡವು ಅದನ್ನು ಮಲಗಿಸಲು ಯತ್ನಿಸಿದವು. ಅದು ಕೇಳದೆ ಹಿಂದೆಯೇ ಬಂದಿತು. ಆಗ ಗಂಡು ಚಿಗರಿಯು ಹಿಂತಿರುಗಿ ಹತ್ತಿಯ ಹೊಲದಲ್ಲಿ ಮರಿಯನ್ನು ಮತ್ತೆ ಮತ್ತೆ ಕೆಡವಿತು. ಅದು ಅಲುಗಾಡದೆ ಮಲಗಿದ ಬಳಿಕ ಎರಡೂ ಬೇಟೆಗಾರನ ಗಮನವನ್ನು ತಮ್ಮ ಕಡೆಗೆ ಸೆಳೆಯುತ್ತ ಬೇರೆ ದಿಕ್ಕಿಗೆ ಓಡಿದವು. ಹೀಗೆ ಒಂಟಿಯಾಗಿ ಅಡಗಿಸಿಟ್ಟ ಮರಿಗಳು ಪದೇ ಪದೇ ಕಾಣಸಿಗುತ್ತವೆಂದೂ ಅವರು ಬರೆದಿದ್ದಾರೆ.

ಮಗಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಕುರಿಗಾಹಿ ಅಜ್ಜನು ಹೇಳಿದ್ದನ್ನೇ ಈ ಸಾಹೇಬರು ನೂರೆಂಬತ್ತು ವರ್ಷಗಳಿಗೂ ಹಿಂದೆ ಬರೆದಿಟ್ಟಿದ್ದರು. ಕೋವಿ ಹಿಡಿದವನಿಗೆ ಗೊತ್ತಿದ್ದ ಸಂಗತಿ ದಯೆ ತೋರಿದ ನಮಗೆ ಗೊತ್ತಿರಲಿಲ್ಲ. ಇದೇ ನನ್ನನ್ನು ಕಾಡಿದ ವಿಚಾರ, ಇದೇ ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ.

ಅವರ ಖಾತೆಯಿಂದ ಇನ್ನೂ ಕೆಲವು ಬಾಬುಗಳನ್ನು ಹೇಳುತ್ತೇನೆ. ಚಿಗರಿಯ ಕೆಲವು ಹಿಂಡುಗಳಲ್ಲಿ ಒಂದು ಗಂಡಿಗೆ ಐವತ್ತು ಅರವತ್ತು ಹೆಣ್ಣುಗಳಿರುತ್ತಿದ್ದವು. ಹಿಂಡಿನಿಂದ ಹೊರದೂಡಲ್ಪಟ್ಟ ಎಳೆಯ ಗಂಡುಗಳು ಮೂವತ್ತರವರೆಗೆ ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತಿದ್ದವು. ಹಿಂಡು ಬೆದರಿದಾಗ ಹೆಣ್ಣುಗಳು ಪುಟಪುಟನೆ ನೆಗೆದು ಸ್ವಲ್ಪ ದೂರ ಹೋಗಿ ತಿರುಗಿ ನೋಡುತ್ತವೆ. ಗಂಡು ಕೊನೆಯಲ್ಲಿ ನಿಧಾನವಾಗಿ ಬರುತ್ತದೆ. ಒಮ್ಮೆ ಅವರು ಬೆನ್ನಟ್ಟಿದ ಗಂಡೊಂದು ತೊಗರಿಯ ಹೊಲವನ್ನು ಹೊಕ್ಕು ಮಾಯವಾಯಿತಂತೆ. ಹೊಲವನ್ನೆಲ್ಲ ಹುಡುಕಿದ ಮೇಲೆ ನೋಡಿದರೆ, ಅದು ಬೆಳೆಯ ನಡುವೆ ಕತ್ತನ್ನು ನೆಲಕ್ಕೆ ಒತ್ತಿ ಮಲಗಿತ್ತು. ತೊಗರಿಯ ವ್ಯಾಪಾರಿಯಾದ ನಾನು ಅಂದಿನಿಂದ ತೊಗರಿಯ ಹೊಲವನ್ನು ಕಂಡಾಗಲೆಲ್ಲ ಅದನ್ನು ನೆನೆಯುತ್ತೇನೆ.

ತೋಳಗಳ ವಿಷಯದಲ್ಲಿ ಅವರು ಕುರಿಗಾಹಿಗಳ ಮಾತನ್ನೂ ತಮ್ಮ ಕಣ್ಣಿಗೆ ಕಂಡುದನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಇದು ಒಳ್ಳೆಯ ಗುಮಾಸ್ತನ ಲಕ್ಷಣ. ಮೂರು ತೋಳಗಳು ಚಿಂಕಾರಗಳ ಹಿಂಡನ್ನು ಒಂದು ಹಳ್ಳದ ಕಡೆಗೆ ಅಟ್ಟಿದವು. ಹಳ್ಳದಲ್ಲಿ ಇನ್ನೆರಡು ತೋಳಗಳು ಹೊಂಚುಹಾಕಿ ಕಾದಿದ್ದವು. ಇದು ಕಂಡ ಸಂಗತಿ. ಮರೆಯೇ ಇಲ್ಲದ ಬಯಲಿನಲ್ಲಿ ತೋಳವು ನೆಲವನ್ನು ಕೆರೆದು ಗುಂಡಿ ಮಾಡಿ ಅದರಲ್ಲಿ ಅಡಗುತ್ತದೆಂಬುದು ರೈತರ ನಂಬಿಕೆ. ಒಂಟಿಯಾಗಿ ತಿರುಗುವ ದೊಡ್ಡ ತೋಳಕ್ಕೆ ಜನರು 'ಒಂಟೋಳ' ಎನ್ನುತ್ತಿದ್ದುದನ್ನೂ ಅವರು ದಾಖಲಿಸಿದ್ದಾರೆ. ಅದೇ ೧೮೨೪ನೆಯ ಇಸವಿಯಲ್ಲಿ ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳಿಗೆ ಬಲಿಯಾದ ದಾರುಣ ಸಂಗತಿಯೂ ಅಲ್ಲಿದೆ. ಆ ಕಾಲದ ರೈತನ ಭಯವು ಸುಳ್ಳು ಭಯವಾಗಿರಲಿಲ್ಲ. ದಯೆಯನ್ನು ಬೋಧಿಸುವಾಗ ಮಗುವನ್ನು ಕಳೆದುಕೊಂಡ ತಾಯಿಯನ್ನು ಮರೆಯಬಾರದು.

ಧಾನ್ಯದ ವ್ಯಾಪಾರಿಗಳಿಗೆ ಅತ್ಯಂತ ಸ್ವಾರಸ್ಯವೆನಿಸುವ ಭಾಗವು ಇಲಿ ಹೆಗ್ಗಣಗಳದು. ನಾವು ಗೋದಾಮಿನಲ್ಲಿ ಎಲ್ಲವನ್ನೂ ಇಲಿಯೆಂದು ಒಂದೇ ಮಾತಿನಲ್ಲಿ ತೀರಿಸುತ್ತೇವೆ. ಅವರು ಅವುಗಳನ್ನು ಬೇರೆ ಬೇರೆ ಜಾತಿಗಳಾಗಿ ಗುರುತಿಸಿದರು. 'ಕೋಕ' ಎಂಬ ಹೊಲದ ಹೆಗ್ಗಣವು ತನ್ನ ಬಿಲದಲ್ಲಿ ಜೋಳದ ಇಡೀ ತೆನೆಗಳನ್ನೇ ಕೂಡಿಡುತ್ತದೆ. ನಮ್ಮ ಹಿರಿಯರು ಹಗೇವು ತುಂಬಿಸುತ್ತಿದ್ದಂತೆಯೇ. ಒಂದು ಬಿಲವನ್ನು ಅಗೆದರೆ ಕೆಲವೊಮ್ಮೆ ಒಂದು ಸೇರಿನಷ್ಟು ಕಾಳು ದೊರೆಯುತ್ತಿದ್ದು, ವಡ್ಡರ ಬಡ ಕುಟುಂಬಗಳು ಅದನ್ನು ಅಗೆದು ತೆಗೆದು ಉಣ್ಣುತ್ತಿದ್ದವು. 'ಮೆಟ್ಟಡ' ಎಂಬ ಇನ್ನೊಂದು ಇಲಿಯು ಎರೆಭೂಮಿಯ ಬಿರುಕುಗಳಲ್ಲಿಯೂ ಸಣ್ಣ ಬಿಲಗಳಲ್ಲಿಯೂ ಇರುತ್ತದೆ. ಪ್ರತಿ ವರ್ಷ ಮುಂಗಾರಿನ ಮೊದಲ ಮಳೆಗೆ ಬಿರುಕುಗಳು ಮುಚ್ಚಿಕೊಂಡು ಬಹಳಷ್ಟು ಇಲಿಗಳು ಸಾಯುತ್ತವೆ. ೧೮೨೬ರಲ್ಲಿ ಆ ಮೊದಲ ಮಳೆ ಸರಿಯಾಗಿ ಬೀಳಲಿಲ್ಲ, ಇಲಿಗಳು ಸಾಯಲಿಲ್ಲ. ಅವು ಬೆಳೆದು ಬಿತ್ತಿದ ಬೀಜವನ್ನು ತಿಂದವು, ದಂಟನ್ನು ಹತ್ತಿ ಜೋಳದ ತೆನೆಗಳನ್ನು ಕತ್ತರಿಸಿದವು. ರೈತರು ವಡ್ಡರಿಗೆ ಡಜನ್ನಿಗೆ ಇಷ್ಟು ಕಾಳೆಂದು ಅಳೆದು ಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರು. ಮಳೆ, ಮಣ್ಣು, ಇಲಿ, ಬೆಳೆ, ಮನುಷ್ಯ, ಹಸಿವು ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ನನಗೆ ತಿಳಿಯದು. ಗುಳ್ಳೆನರಿಯ ಮುಖ್ಯ ಆಹಾರ ಇಲಿ, ಏಡಿ, ಮಿಡತೆಗಳೆಂದು ಅದೇ ಖಾತೆಯಲ್ಲಿದೆ. ನರಿಯನ್ನು ಕೊಂದವನು ಇಲಿಯನ್ನು ಸಾಕಿದಂತೆ ಎಂದು ನಾವು ಅದರಿಂದ ಲೆಕ್ಕ ಹಾಕಿಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಜ್ಞಾನವೆಲ್ಲ ಸಾಹೇಬರದೊಬ್ಬರದೇ ಅಲ್ಲ. ವಡ್ಡರು, ಕುರಿಗಾಹಿಗಳು, ಬೇಟೆಯ ಕಸುಬಿನವರು, ರೈತರು ಅವರಿಗೆ ಹೇಳಿಕೊಟ್ಟವರು. ಅಕ್ಷರ ಬಾರದ ಆ ಜನರ ಮಾತುಗಳು ಲ್ಯಾಟಿನ್ ಭಾಷೆಯ ಶಾಸ್ತ್ರೀಯ ಹೆಸರುಗಳಲ್ಲಿ ಸೇರಿಕೊಂಡಿವೆ. ಕನ್ನಡದ 'ಗುಲಂದಿ' ಎಂಬ ಪೊದೆಯಿಲಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಗ್ರೇ ಎಂಬ ವಿದ್ವಾಂಸನು ೧೮೩೭ರಲ್ಲಿ 'ಗೊಲುಂಡ ಎಲಿಯಟಿ' ಎಂದು ಹೆಸರಿಟ್ಟನು. ಮೊದಲ ಪದವು ನಮ್ಮ ಜನರದು, ಎರಡನೆಯದು ಸಾಹೇಬರದು. ಮೆಟ್ಟಡವೂ 'ಮೆಲ್ಟಡ' ಎಂದು ಇಂದಿಗೂ ಶಾಸ್ತ್ರದಲ್ಲಿ ಉಳಿದಿದೆ. ೧೮೬೭ರಲ್ಲಿ ಜರ್ಡನ್ ಎಂಬ ವೈದ್ಯನು ಭಾರತದ ಸಸ್ತನಿಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದಾಗ ಎಲಿಯಟ್ಟರ ವಿವರಗಳನ್ನು ಧಾರಾಳವಾಗಿ ಬಳಸಿಕೊಂಡನು. ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಡಾರ್ವಿನ್ನನಿಗೆ ಭಾರತದ ಸಾಕು ಪಾರಿವಾಳಗಳ ಮಾದರಿಗಳನ್ನು ಕಳುಹಿಸಿದವರೂ ಇವರೇ. ೧೮೬೦ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಕೊನೆಗಾಲದಲ್ಲಿ ಕಣ್ಣು ಮಂದವಾದರೂ ಓದು ಬರಹಗಳನ್ನು ಬಿಡಲಿಲ್ಲ. ೧೮೮೭ರ ಮಾರ್ಚ್ ೧ರಂದು, ತಾವು ತೀರಿಕೊಂಡ ದಿನದ ಬೆಳಗ್ಗೆ, ತಮಿಳು ವಿದ್ವಾಂಸ ಪೋಪ್‌ರಿಗೆ ಒಂದು ಪತ್ರವನ್ನು ಬರೆಯಿಸಿ ಸಹಿ ಹಾಕಿದರು. ಆ ಪತ್ರದಲ್ಲಿ ಪ್ರಸ್ತಾಪವಾದ ಗ್ರಂಥವು ತಿರುಕ್ಕುರಳ್. ಕೊಲ್ಲದಿರುವುದನ್ನೂ ಮಾಂಸವನ್ನು ಬಿಡುವುದನ್ನೂ ಬೋಧಿಸುವ ಅಧ್ಯಾಯಗಳುಳ್ಳ ಗ್ರಂಥವದು. ಇದರಿಂದ ಅವರು ಪಶ್ಚಾತ್ತಾಪ ಪಟ್ಟರೆಂದು ನಾನು ಕಥೆ ಕಟ್ಟುವುದಿಲ್ಲ. ಸಂಗತಿಯನ್ನು ಇದ್ದಂತೆ ಹೇಳಿದ್ದೇನೆ.

ಖಾತೆ ಬರೆದುದರ ಉಪಯೋಗವು ಬಾಕಿ ತೆಗೆದಾಗ ತಿಳಿಯುತ್ತದೆ. ೧೮೩೯ರ ಖಾತೆಯನ್ನು ಮುಂದಿಟ್ಟುಕೊಂಡು ಇಂದಿನ ಬಾಕಿಯನ್ನು ನೋಡೋಣ. ಅವರ ಪಟ್ಟಿಯಲ್ಲಿ ಚೀತಾ ಇದೆ; ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಹೆಸರಿತ್ತು. ೧೯೫೨ರಲ್ಲಿ ಆ ಪ್ರಾಣಿಯು ಭಾರತದಲ್ಲಿ ನಿರ್ವಂಶವಾಯಿತೆಂದು ಸರಕಾರವು ಘೋಷಿಸಿತು. ೨೦೨೨ರ ಸೆಪ್ಟೆಂಬರಿನಲ್ಲಿ ಆಫ್ರಿಕದ ನಮೀಬಿಯದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೊ ಅರಣ್ಯದಲ್ಲಿ ಬಿಡಬೇಕಾಯಿತು. ಮನೆಯಲ್ಲಿದ್ದ ಬಂಗಾರವನ್ನು ಕಳೆದು ಪರದೇಶದಿಂದ ಸಾಲ ತಂದಂತೆ. ಬಯಲಿನಲ್ಲಿ ತುಂಬಿದ್ದ ಚಿಗರಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ರಕ್ಷಣೆ ದೊರೆಯಿತು. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿ ಅಭಯಾರಣ್ಯವಾಯಿತು. ಚಿಂಕಾರಕ್ಕೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಧಾಮವಿದೆ. ನಮ್ಮ ಖಾನಾಪುರ ತಾಲೂಕಿನ ಭೀಮಗಡದ ಕಾಡು ಇಂದು ಅಭಯಾರಣ್ಯವಾಗಿದ್ದು, ಕಾಡುಕೋಣ, ಕಡವೆಗಳು ಅಲ್ಲಿ ಉಳಿದಿವೆ. ಅಭಯಾರಣ್ಯ ಎಂಬ ಹೆಸರನ್ನು ಇಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ. ಅಭಯದಾನದ ಅರ್ಥವು ಅದರಲ್ಲಿಯೇ ಇದೆ.

ಆದರೆ ಬೇಲಿ ಕಟ್ಟಿದ ಮಾತ್ರಕ್ಕೆ ಅಭಯವು ಪೂರ್ಣವಾಗುವುದಿಲ್ಲ. ಈ ಊರಿನ ಸಮೀಪದಲ್ಲಿಯೇ ಭೂತರಾಮನಹಟ್ಟಿಯಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಮೃಗಾಲಯವಿದೆ. ೨೦೨೫ರ ನವೆಂಬರಿನಲ್ಲಿ ಅಲ್ಲಿಯ ಸುಮಾರು ಮೂವತ್ತು ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಅಂಟುರೋಗದಿಂದ ಸತ್ತ ಸುದ್ದಿಯನ್ನು ಕೇಳಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಂದು ಊಟ ರುಚಿಸಲಿಲ್ಲ. ನಾನು ಯಾರನ್ನೂ ದೂರುವುದಿಲ್ಲ. ಬಯಲಿನಲ್ಲಿ ಹರಡಿಕೊಂಡಿದ್ದ ಜೀವಿಗಳು ಒಂದು ಆವರಣದೊಳಗೆ ಉಳಿದಾಗ ಒಂದು ರೋಗವೇ ಹಿಂಡಿಗೆ ಹಿಂಡನ್ನು ಮುಗಿಸಬಲ್ಲದು ಎಂಬುದನ್ನು ಮಾತ್ರ ನೆನಪಿಡಬೇಕು. ೨೦೨೨ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆಯೊಂದು ಕಾಣಿಸಿಕೊಂಡು ಶಾಲೆಗಳಿಗೆ ರಜೆ ಕೊಟ್ಟುದನ್ನು ನೀವು ಮರೆತಿಲ್ಲ. ಆಗ ನಮ್ಮ ಪೇಟೆಯಲ್ಲಿ ದಿನಕ್ಕೊಂದು ವದಂತಿ. ಅದು ಏನು ತಿನ್ನುತ್ತದೆ, ಯಾವ ಹೊತ್ತಿಗೆ ಹೊರಬರುತ್ತದೆ ಎಂಬುದನ್ನು ಬಲ್ಲವರು ನೂರರಲ್ಲಿ ಒಬ್ಬರೂ ಇರಲಿಲ್ಲ. ತಿಳಿಯದ ಜೀವಿಯನ್ನು ಕಂಡರೆ ಭಯ, ಭಯದಿಂದ ದ್ವೇಷ, ದ್ವೇಷದಿಂದ ಹಿಂಸೆ.

ಬಂಧುಗಳೇ, ಬೆಳಗಾವಿ ಕೋಟೆಯ ಕಮಲ ಬಸದಿಯಲ್ಲಿ ನಾವು ದರ್ಶನ ಮಾಡುವ ನೇಮಿನಾಥ ಸ್ವಾಮಿಯ ವೃತ್ತಾಂತವನ್ನು ಎಳವೆಯಿಂದಲೂ ಕೇಳಿದ್ದೇವೆ. ಮದುವೆಯ ಮೆರವಣಿಗೆಯಲ್ಲಿ ಹೋಗುತ್ತಿದ್ದಾಗ ಕೂಡಿಹಾಕಿದ ಮೃಗಗಳ ಆಕ್ರಂದನ ಅವರ ಕಿವಿಗೆ ಬಿತ್ತು, ರಥ ಹಿಂದಿರುಗಿತು. ನಾವು ರಥ ತಿರುಗಿದುದನ್ನು ಹೇಳುತ್ತೇವೆ, ಅದಕ್ಕೆ ಮುಂಚೆ ನಡೆದುದನ್ನು ಮರೆಯುತ್ತೇವೆ. ನೇಮಿಕುಮಾರನು ಮೊದಲು ಸಾರಥಿಯನ್ನು ಪ್ರಶ್ನಿಸಿದನು: ಈ ಪ್ರಾಣಿಗಳನ್ನು ಇಲ್ಲಿ ಏಕೆ ಕೂಡಿಹಾಕಿದ್ದಾರೆ ಎಂದು. ವಿಷಯವನ್ನು ತಿಳಿದ ಮೇಲೆ ವೈರಾಗ್ಯವುಂಟಾಯಿತು. ಮೊದಲು ಪ್ರಶ್ನೆ, ಆಮೇಲೆ ಅರಿವು, ಅದರಿಂದ ಕರುಣೆ. ರತ್ನತ್ರಯದಲ್ಲಿ ಸಮ್ಯಕ್ ಚಾರಿತ್ರಕ್ಕೆ ಮುಂಚೆ ಸಮ್ಯಕ್ ಜ್ಞಾನವನ್ನು ಹೇಳಿದ್ದಾರಲ್ಲ, ಅದರ ಅರ್ಥವನ್ನು ಬಲ್ಲವರು ವಿವರಿಸಲಿ. ಹತ್ತಿಯ ಹೊಲದ ಆ ಮರಿಯ ಮೂಲಕ ನನಗೆ ತಿಳಿದ ಅರ್ಥ ಇಷ್ಟೇ.

ಆದುದರಿಂದ ಈ ಪ್ರತಿಷ್ಠೆಯ ಸಂದರ್ಭದಲ್ಲಿ ನನ್ನ ವಿನಂತಿಗಳು ಕೆಲವೇ. ಹೊಲದಲ್ಲಿ ಒಂಟಿ ಮರಿಯನ್ನು ಕಂಡರೆ ಎತ್ತಬೇಡಿ. ದೂರ ಸರಿಯಿರಿ, ತಾಯಿಗೆ ದಾರಿ ಬಿಡಿ. ಅದಕ್ಕೆ ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಹಂದಿಯ ಕಾಟವೆಂದು ಬೇಲಿಗೆ ವಿದ್ಯುತ್ತನ್ನು ಹರಿಸುವುದು, ಉರುಲು ಒಡ್ಡುವುದು ನಮ್ಮವರ ಹೊಲಗಳಲ್ಲಿ ಆಗಬಾರದು; ಆಳುಗಳು ಮಾಡಿದರೆಂಬ ನೆಪವೂ ಬೇಡ. ಬೇಸಿಗೆಯಲ್ಲಿ ಹೊಲದ ಮೂಲೆಯಲ್ಲಿ ಒಂದು ನೀರಿನ ತೊಟ್ಟಿ ಇರಲಿ. ಹುಲ್ಲಿನ ಬಯಲನ್ನು ಬಂಜರೆಂದು ಕರೆದು ನಿವೇಶನ ಮಾಡುವ ಮುಂಚೆ, ಅಲ್ಲಿ ಯಾವ ಜೀವಿಗಳಿವೆಯೆಂದು ಒಂದು ಸಲ ಕೇಳಿರಿ. ನಾನೂ ಅಂಥ ಬಯಲಿನಲ್ಲಿ ನಾಲ್ಕು ಗುಂಟೆ ಕೊಂಡವನೇ. ಕೊಳ್ಳುವಾಗ ನಾನು ಆ ಪ್ರಶ್ನೆಯನ್ನು ಕೇಳಲಿಲ್ಲ. ಇದನ್ನು ಹೇಳದೆ ನಿಮಗೆ ಬುದ್ಧಿ ಹೇಳಿದರೆ ಅದು ಸುಳ್ಳು ಖಾತೆಯಾದೀತು.

ಕೊನೆಯದಾಗಿ ಮಕ್ಕಳಿಗೆ ಒಂದು ಕೆಲಸ. ಪ್ರತಿಯೊಬ್ಬರೂ ಒಂದು ನೋಟುಬುಕ್ಕನ್ನು ತೆಗೆದುಕೊಳ್ಳಿರಿ. ನಿಮ್ಮ ಊರಿನ ಸುತ್ತ ಕಾಣುವ ಪ್ರಾಣಿ ಪಕ್ಷಿಗಳ ಖಾತೆಯನ್ನು ತೆರೆಯಿರಿ. ಅಜ್ಜ ಅಜ್ಜಿಯರನ್ನು, ಕುರಿ ಕಾಯುವವರನ್ನು, ಹೊಲದ ಆಳುಗಳನ್ನು ಕೇಳಿ ಅವುಗಳ ಹೆಸರನ್ನು ಬರೆಯಿರಿ. ಎಂದು ಕಂಡಿರಿ, ಎಲ್ಲಿ ಕಂಡಿರಿ, ಅದು ಏನು ಮಾಡುತ್ತಿತ್ತು, ಇಷ್ಟೇ ಸಾಕು. ಕಂಡುದನ್ನು ಕಂಡಂತೆ, ಕೇಳಿದುದನ್ನು ಕೇಳಿದಂತೆ ಬೇರೆ ಬೇರೆ ಬರೆಯಿರಿ. ವರ್ಷಕ್ಕೊಮ್ಮೆ ಅವನ್ನು ತಂದು ಬಸದಿಯ ಗ್ರಂಥಭಂಡಾರದಲ್ಲಿ ಇಡೋಣ. ಅದೂ ಒಂದು ಶಾಸ್ತ್ರದಾನವೇ. ಎಲಿಯಟ್ ಸಾಹೇಬರು ಕೋವಿ ಹಿಡಿದು ಬರೆದ ಖಾತೆಯನ್ನು ನೀವು ಬರಿಗೈಯಲ್ಲಿ, ಯಾವ ಜೀವಿಗೂ ನೋವಾಗದಂತೆ ಮುಂದುವರಿಸಬಲ್ಲಿರಿ. ಅವರಿಗೆ ಸಾಧ್ಯವಾಗದೆ ಹೋದುದು ನಿಮಗೆ ಸಾಧ್ಯ.

ಇನ್ನೂರು ವರ್ಷಗಳ ಹಿಂದೆ ಕಾಕತಿಯ ಮಗಳೊಬ್ಬಳ ಸೆರೆಯಲ್ಲಿ ಒಬ್ಬ ತರುಣನ ಪ್ರಾಣ ಉಳಿಯಿತು. ಉಳಿದ ಆ ಪ್ರಾಣದಿಂದ ನಮ್ಮ ಬಯಲಿನ ಮೂಕಜೀವಿಗಳ ಹೆಸರುಗಳು ಉಳಿದವು. ಹೆಸರುಗಳು ಉಳಿದ ಮೇಲೆ ಜೀವಿಗಳನ್ನು ಉಳಿಸುವ ಹೊಣೆ ನಮ್ಮದು.